ಕಡತ ಅಲ್ಲಿ, ಕಾಗದ ಇಲ್ಲಿ

ದಾವಣಗೆರೆಯ ವಿನೋಬನಗರದಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒರಗಿಸಿಟ್ಟ ಎರಡು ಪ್ಲಾಸ್ಟಿಕ್ ಕುರ್ಚಿ. ಕಳೆದ ತಿಂಗಳು ನಾನು ಅಲ್ಲಿ ನಿಂತಿದ್ದಾಗ ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಬೆಳೆಸಾಲಕ್ಕೆಂದು ಪಹಣಿ ತೆಗೆಸಲು ಕಾದಿದ್ದರು. ಅಂಗಡಿಯ ಹುಡುಗ ಸರ್ವೆ ನಂಬರ್ ಕೇಳಿದ, ಕೀಲಿಮಣೆ ಕುಟ್ಟಿದ. ಪರದೆಯ ಮೇಲೆ ಪುಟ್ಟ ಚಕ್ರವೊಂದು ಬಹಳ ಹೊತ್ತು ತಿರುಗಿತು. ಆಮೇಲೆ ಪ್ರಿಂಟರ್ ಗರ್ರೆಂದು ಒಂದು ಹಾಳೆಯನ್ನು ಹೊರಕ್ಕೆ ತಳ್ಳಿತು. ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

'ತಮ್ಮಾ, ಇದು ಎಲ್ಲಿಂದ ಬಂತು? ನಿನ್ನ ಡಬ್ಬಿಯಾಗ ನನ್ನ ಹೊಲ ಐತೇನು?'

'ಇಲ್ಲಜ್ಜ, ಅದು ಬೆಂಗಳೂರಾಗ ಐತಿ. ಇಲ್ಲಿ ಬರೀ ಪ್ರಿಂಟ್ ಆಕ್ಕತಿ.'

'ಹಂಗಾದ್ರ ಇದು ಅಸಲಾ, ನಕಲಾ?'

ಹುಡುಗ ನಕ್ಕು ಮುಂದಿನವರ ಕಡೆ ತಿರುಗಿದ. ಆದರೆ ಅಜ್ಜನ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ದೂರದ ಯಂತ್ರದಲ್ಲಿರುವ ಬರಹವನ್ನು ನಮ್ಮೆದುರಿನ ಯಂತ್ರ ಕಾಗದಕ್ಕೆ ಇಳಿಸಿ ಕೊಡುವ ಪದ್ಧತಿ ನಾವು ತಿಳಿದಷ್ಟು ಹೊಸದಲ್ಲ. ಅದರ ಬೇರು ತಂತಿಯ ಕಾಲದಲ್ಲಿದೆ. ಮಾತು ಹುಟ್ಟುವುದು ಅಲ್ಲಿ, ಕಾಗದ ಹುಟ್ಟುವುದು ಇಲ್ಲಿ. ಹಾಗಿದ್ದ ಮೇಲೆ ಆ ಕಾಗದಕ್ಕೆ ಜವಾಬುದಾರರು ಯಾರು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ಗಂಟೆ ಬಾರಿಸುವ ಯಂತ್ರ

ಭಾರತದಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆದದ್ದು 1855ರಲ್ಲಿ. ಅದು ಮುಚ್ಚಿದ್ದು 2013ರ ಜುಲೈಯಲ್ಲಿ. ಈ ದೀರ್ಘ ಆಯುಷ್ಯದ ಮೊದಲ ಭಾಗದಲ್ಲಿ ದೂರದಿಂದ ಬಂದ ಕಟ್ಟು-ಕಡ ಸದ್ದನ್ನು ಕಿವಿಯಿಂದ ಕೇಳಿ ಕೈಯಿಂದ ಬರೆದುಕೊಳ್ಳುವ ಗುಮಾಸ್ತ ಬೇಕಿತ್ತು. ಸಂದೇಶಕ್ಕೂ ಕಾಗದಕ್ಕೂ ನಡುವೆ ಒಬ್ಬ ಮನುಷ್ಯ ಇದ್ದ. ಅವನ ಕಿವಿ ತಪ್ಪಿದರೆ ಕಾಗದವೂ ತಪ್ಪುತ್ತಿತ್ತು.

ಆ ಮನುಷ್ಯನನ್ನು ಬದಿಗೆ ಸರಿಸಿದ್ದು ಟೆಲಿಪ್ರಿಂಟರ್. 1870ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಬೋಡೊ ಎಂಬಾತ ಪ್ರತಿ ಅಕ್ಷರಕ್ಕೂ ಐದು ಮಿಡಿತಗಳ ಒಂದು ಸಂಕೇತ ಗೊತ್ತುಮಾಡಿದ. ಒಂದೊಂದು ಮಿಡಿತವೂ ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಯದು. ಐದನ್ನು ಸೇರಿಸಿದರೆ ಒಟ್ಟು 32 ಜೋಡಣೆ. ಇಂಗ್ಲಿಷಿನ 26 ಅಕ್ಷರಕ್ಕೆ ಅದು ಸಾಕು. ಅಂಕಿಗಳಿಗೆ ಬೇಕೆಂದರೆ 'ಇನ್ನು ಮುಂದೆ ಬರುವುದು ಅಂಕಿ' ಎನ್ನುವ ಒಂದು ಸಂಕೇತವನ್ನು ಮೊದಲು ಕಳಿಸುವುದು, ಮುಗಿದ ಮೇಲೆ 'ಇನ್ನು ಅಕ್ಷರ' ಎಂದು ಇನ್ನೊಂದನ್ನು ಕಳಿಸುವುದು. ಈ ಉಪಾಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನೂರು ವರ್ಷದ ಮೇಲೆ ಅದು ಬೇರೆ ವೇಷದಲ್ಲಿ ಮತ್ತೆ ಬರುತ್ತದೆ.

ಸ್ವತಂತ್ರ ಭಾರತದಲ್ಲಿ ಈ ಯಂತ್ರಗಳನ್ನು ತಯಾರಿಸಲೆಂದೇ 1960ರಲ್ಲಿ ಮದರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಎಂಬ ಸರ್ಕಾರಿ ಕಂಪನಿ ಹುಟ್ಟಿತು. ತಂತಿ ಕಚೇರಿಯಲ್ಲಿ ಟೆಲಿಪ್ರಿಂಟರ್ ಸಣ್ಣ ಕಾಗದದ ಪಟ್ಟಿಯ ಮೇಲೆ ಅಕ್ಷರ ಒತ್ತುತ್ತಿತ್ತು. ಆ ಪಟ್ಟಿಯನ್ನು ತುಂಡರಿಸಿ ನಮೂನೆಗೆ ಅಂಟಿಸಿ ಮನೆಗೆ ಕಳಿಸುತ್ತಿದ್ದರು. 'ಫಾದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ' ಎಂಬ ನಾಲ್ಕು ಪದ ಅಂಟಿಸಿದ ಕಾಗದವನ್ನು ಹಿಡಿದು ರಾತ್ರಿ ಬಸ್ಸು ಹತ್ತಿದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಬೇಕಾದಷ್ಟು ಮಂದಿ. ಯಾರೂ ಅದನ್ನು ನಕಲು ಎನ್ನಲಿಲ್ಲ. ಅಪ್ಪನ ಊರಿನಲ್ಲಿ ಚಿಕ್ಕಪ್ಪ ಬರೆದುಕೊಟ್ಟ ಚೀಟಿ ಅಲ್ಲೇ ಉಳಿಯುತ್ತಿತ್ತು. ಇಲ್ಲಿ ಬಂದದ್ದೇ ಅಸಲು.

ಪತ್ರಿಕಾ ಕಚೇರಿಗಳಲ್ಲಿ ಇದೇ ಯಂತ್ರದ ಅಣ್ಣಂದಿರು ಹಗಲೂ ರಾತ್ರಿ ಕಟಕಟ ಎನ್ನುತ್ತಿದ್ದರು. ಪಿಟಿಐ, ಯುಎನ್‌ಐ ಸುದ್ದಿ ದೆಹಲಿಯಲ್ಲಿ ಯಾರದೋ ಬೆರಳಿನಿಂದ ಹೊರಟು ಇಲ್ಲಿ ಸುರುಳಿ ಕಾಗದದ ಮೇಲೆ ಇಳಿಯುತ್ತಿತ್ತು. ದೊಡ್ಡ ಸುದ್ದಿಯಾದರೆ ಯಂತ್ರ ಗಂಟೆ ಬಾರಿಸುತ್ತಿತ್ತು. ಕನ್ನಡ ಪತ್ರಿಕೆಗಳ ಉಪಸಂಪಾದಕರು ಆ ಇಂಗ್ಲಿಷ್ ಸುರುಳಿಯನ್ನು ಹರಿದು ತಂದು ಅನುವಾದಕ್ಕೆ ಕೂರುತ್ತಿದ್ದರು. ನಾನು ಈ ಯಂತ್ರವನ್ನು ಕಣ್ಣಿಂದ ಕಂಡವನಲ್ಲ. ಡಿಪ್ಲೊಮಾ ತರಗತಿಯಲ್ಲಿ ಅದರ ಚಿತ್ರ ತೋರಿಸಿದ್ದರು, ಅಷ್ಟೆ. ನಮ್ಮ ಹಿರಿಯ ಸಹೋದ್ಯೋಗಿಗಳು ಮಾತ್ರ ಈಗಲೂ 'ಟೆಲಿಪ್ರಿಂಟರ್ ಕೋಣೆ' ಎಂದರೆ ಒಂದು ಬಗೆಯ ಭಕ್ತಿಯಿಂದ ಮಾತಾಡುತ್ತಾರೆ.

ಪರದೆಯ ಬೆನ್ನಿನ ಕಿಂಡಿ

ಕಂಪ್ಯೂಟರ್ ಬಂದಾಗ ಅದಕ್ಕೆ ಮಾತಾಡಲು ಬಾಯಿ ಬೇಕಾಯಿತು. ಸಿದ್ಧವಾಗಿ ಸಿಕ್ಕಿದ್ದು ಟೆಲಿಪ್ರಿಂಟರೇ. 1963ರಲ್ಲಿ ಅಮೆರಿಕದಲ್ಲಿ ಬಂದ ಟೆಲಿಟೈಪ್ 33 ಎಂಬ ಮಾದರಿಯನ್ನು ವಿಶ್ವವಿದ್ಯಾಲಯಗಳು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿಕೊಂಡವು. ಸೆಕೆಂಡಿಗೆ ಹತ್ತು ಅಕ್ಷರದ ನಿಧಾನ. ಕಂಪ್ಯೂಟರ್ ಏನು ಹೇಳಿದರೂ ಅದು ಕಾಗದದ ಮೇಲೇ ಬರುತ್ತಿತ್ತು, ಏಕೆಂದರೆ ಪರದೆಯೇ ಇರಲಿಲ್ಲ. ಪರದೆಯ ಮೇಲೆ ಅಕ್ಷರ ತೋರಿಸುವ ಆಜ್ಞೆಗೆ ಇವತ್ತಿಗೂ ಅನೇಕ ಗಣಕಭಾಷೆಗಳಲ್ಲಿ 'ಪ್ರಿಂಟ್' ಎಂಬ ಹೆಸರಿರುವುದು ಆ ಕಾಲದ ಕುರುಹು. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಈಗಲೂ ಟರ್ಮಿನಲ್ಲನ್ನು 'ಟಿಟಿವೈ' ಎಂದು ಕರೆಯುತ್ತದೆ. ಟೆಲಿಟೈಪಿನ ಮೊಟಕು ಹೆಸರು ಅದು. ಯಂತ್ರ ಸತ್ತು ದಶಕಗಳಾದರೂ ಹೆಸರು ಮನೆಯಲ್ಲಿ ಉಳಿದುಕೊಂಡಿದೆ.

ಆಮೇಲೆ ಪರದೆಯಿರುವ ಟರ್ಮಿನಲ್ ಬಂತು. 1978ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ಹೊರತಂದ ವಿಟಿ-100 ಇವುಗಳಲ್ಲಿ ಪ್ರಸಿದ್ಧ. ಸಾಲಿಗೆ 80 ಅಕ್ಷರ, ಪರದೆಗೆ 24 ಸಾಲು. ಟರ್ಮಿನಲ್ ಎಂದರೆ ಕಂಪ್ಯೂಟರ್ ಅಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಊರಿನ ಬೆಣ್ಣೆದೋಸೆ ಹೋಟೆಲಿನಲ್ಲಿ ಹಂಚು, ಹಿಟ್ಟು, ಬೆಣ್ಣೆ ಎಲ್ಲ ಒಲೆಯ ಹತ್ತಿರ. ನಾವು ಕೂತ ಮೇಜಿನ ಮೇಲೆ ಏನೂ ಬೇಯುವುದಿಲ್ಲ. ಹೇಳುವುದು, ಬಂದದ್ದನ್ನು ತಿನ್ನುವುದು ಇಷ್ಟೇ ಮೇಜಿನ ಕೆಲಸ. ಟರ್ಮಿನಲ್ ಹಾಗೆ ಬರಿಯ ಮೇಜು. ಕಡತಗಳೂ ಲೆಕ್ಕಾಚಾರವೂ ದೂರದ ಯಂತ್ರದಲ್ಲಿ.

ಈಗ ತೊಡಕು ಶುರು. ನೀವು ದಾವಣಗೆರೆಯಲ್ಲಿ ಕೂತು, ದೂರವಾಣಿ ತಂತಿಯ ಮೂಲಕ ಬೆಂಗಳೂರಿನ ಕಂಪ್ಯೂಟರಿನೊಳಗೆ ಹೊಕ್ಕು, ಒಂದು ಕಡತ ತೆರೆದು 'ಇದನ್ನು ಮುದ್ರಿಸು' ಎಂದಿರಿ ಎನ್ನೋಣ. ಆ ಕಂಪ್ಯೂಟರ್ ವಿಧೇಯತೆಯಿಂದ ಮುದ್ರಿಸುತ್ತದೆ, ತನ್ನ ಪಕ್ಕದಲ್ಲಿರುವ ಪ್ರಿಂಟರಿನಲ್ಲಿ! ಕಾಗದ 260 ಕಿಲೋಮೀಟರ್ ಆಚೆ ಬೀಳುತ್ತದೆ. ನಿಮ್ಮ ಮೇಜಿನ ಪಕ್ಕದ ಪ್ರಿಂಟರ್ ಸುಮ್ಮನೆ ನೋಡುತ್ತಿರುತ್ತದೆ. ಬೆಂಗಳೂರಿನ ಯಂತ್ರಕ್ಕೆ ಅಂಥದ್ದೊಂದು ಪ್ರಿಂಟರ್ ಇದೆಯೆಂಬುದೇ ಗೊತ್ತಿಲ್ಲ.

ಜಾಲದೊಳಗೆ ಸ್ವಂತ ವಿಳಾಸವಿರುವ ಯಂತ್ರಗಳ ನಡುವೆ ಒಂದು ಪ್ರಿಂಟರಿಗೆ ಇನ್ನೊಂದು ಕಡೆಯಿಂದ ಕೆಲಸ ಕಳಿಸುವ ವಿಧಾನ ಆಗಲೂ ಇತ್ತು. ಯುನಿಕ್ಸ್ ಯಂತ್ರಗಳು ಬಳಸುತ್ತಿದ್ದ ಕ್ರಮ 1990ರಲ್ಲಿ ಬರಹರೂಪದಲ್ಲೂ ಪ್ರಕಟವಾಯಿತು. ಆದರೆ ದೂರವಾಣಿ ತಂತಿಗೆ ಜೋತುಬಿದ್ದ ಟರ್ಮಿನಲ್ಲಿಗೆ ವಿಳಾಸ ಎಲ್ಲಿಂದ ಬರಬೇಕು? ಕಡತವನ್ನೇ ಪೂರ್ತಿ ಇತ್ತ ತರಿಸಿಕೊಂಡು ಆಮೇಲೆ ಮುದ್ರಿಸಬಹುದಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಹುಟ್ಟಿದ ಕರ್ಮಿಟ್ ಎಂಬ ತಂತ್ರಾಂಶ ಅದಕ್ಕೆಂದೇ ಇತ್ತು. ಆದರೆ ಬರಿಯ ಟರ್ಮಿನಲ್ಲಿನಲ್ಲಿ ಕಡತ ಇಟ್ಟುಕೊಳ್ಳಲು ಜಾಗವೇ ಇಲ್ಲವಲ್ಲ. ಉಳಿದದ್ದು ಒಂದೇ ದಾರಿ. ಪರದೆಗೆಂದು ಬರುತ್ತಿರುವ ಮಾತಿನ ಪ್ರವಾಹದೊಳಗೇ ಕಾಗದದ ಮಾತನ್ನೂ ತೂರಿಸಿ ಕಳಿಸುವುದು.

ವಿಟಿ-100ರ ನಂತರ ಬಂದ ವಿಟಿ-102, ವಿಟಿ-220 ಮಾದರಿಗಳ ಬೆನ್ನಿನಲ್ಲಿ ಪ್ರಿಂಟರ್ ಸಿಕ್ಕಿಸುವ ಒಂದು ಕಿಂಡಿ ಇತ್ತು. ದೂರದ ಕಂಪ್ಯೂಟರ್ ಒಂದು ಗುಟ್ಟಿನ ಸಂಕೇತ ಕಳಿಸಿದರೆ ಟರ್ಮಿನಲ್ ಆ ಕ್ಷಣದಿಂದ ಬಂದದ್ದನ್ನೆಲ್ಲ ಪರದೆಗೆ ತೋರಿಸದೆ ಆ ಕಿಂಡಿಯ ಮೂಲಕ ಪ್ರಿಂಟರಿಗೆ ದಾಟಿಸುತ್ತಿತ್ತು. ಸಂಕೇತ ಹೀಗಿದೆ: ಮೊದಲು 27ನೇ ಸಂಖ್ಯೆಯ 'ಎಸ್ಕೇಪ್' ಎಂಬ ಕಣ್ಣಿಗೆ ಕಾಣದ ಅಕ್ಷರ, ಅದರ ಹಿಂದೆ ಒಂದು ಚೌಕಾವರಣ, ಆಮೇಲೆ 5, ಕೊನೆಗೆ ಇಂಗ್ಲಿಷಿನ ಚಿಕ್ಕ 'ಐ'. ಮುದ್ರಣ ಮುಗಿದ ಮೇಲೆ ಇದೇ ಸಾಲನ್ನು 5ರ ಬದಲು 4 ಹಾಕಿ ಕಳಿಸಿದರೆ ಪ್ರವಾಹ ಮತ್ತೆ ಪರದೆಗೆ ತಿರುಗುತ್ತದೆ. ಅಷ್ಟೇ! ಬೋಡೊ ಸಂಕೇತದ 'ಇನ್ನು ಅಂಕಿ, ಇನ್ನು ಅಕ್ಷರ' ಎಂಬ ಉಪಾಯವೇ ಇಲ್ಲಿ 'ಇನ್ನು ಕಾಗದ, ಇನ್ನು ಪರದೆ' ಆಗಿದೆ. ಹೊಲದ ಬದುವಿನಲ್ಲಿ ಮಡೆ ತಿರುಗಿಸಿ ಕಾಲುವೆಯ ನೀರನ್ನು ಈ ಮಡಿಯಿಂದ ಆ ಮಡಿಗೆ ಬಿಡುವುದನ್ನು ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ತಾಪತ್ರಯಗಳೂ ಕಡಿಮೆಯಿರಲಿಲ್ಲ. ತಂತಿಯ ಗದ್ದಲದಲ್ಲಿ ಆ ಎರಡನೆಯ ಸಂಕೇತ ಕಳೆದುಹೋದರೆ ಪರದೆ ಮೂಕ. ನೀವು ಏನು ಒತ್ತಿದರೂ ಉತ್ತರವೆಲ್ಲ ಪ್ರಿಂಟರಿಗೇ ಹೋಗಿ ಕಾಗದ ಸುರಿಯುತ್ತಿತ್ತು. ಪ್ರಿಂಟರ್ ನಿಧಾನ, ತಂತಿ ಜೋರಾದರೆ ನಡುವೆ ಅಕ್ಷರಗಳು ಚೆಲ್ಲಿಹೋಗುತ್ತಿದ್ದವು. ಅದಕ್ಕೆ 'ತಡಿ', 'ಇನ್ನು ಬಿಡು' ಎನ್ನುವ ಎರಡು ಸಂಕೇತಗಳನ್ನು ಹಿಮ್ಮುಖವಾಗಿ ಕಳಿಸುವ ಏರ್ಪಾಡು ಬೇಕಿತ್ತು. ಇನ್ನೊಂದು ತಮಾಷೆಯ ತೊಂದರೆ ಸಾಲಿನ ಕೊನೆಯದು. ಟೆಲಿಟೈಪಿನಲ್ಲಿ ಹೊಸ ಸಾಲಿಗೆ ಎರಡು ಕೆಲಸ: ಅಚ್ಚಿನ ಗಾಡಿಯನ್ನು ಎಡಕ್ಕೆ ಎಳೆಯುವುದು, ಕಾಗದವನ್ನು ಮೇಲಕ್ಕೆ ತಳ್ಳುವುದು. ಯುನಿಕ್ಸ್ ಕಡತಗಳು ಎರಡನೆಯದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತವೆ. ಹಾಗೇ ಪ್ರಿಂಟರಿಗೆ ಬಿಟ್ಟರೆ ಪ್ರತಿ ಸಾಲೂ ಹಿಂದಿನ ಸಾಲು ನಿಂತಲ್ಲಿಂದಲೇ ಶುರುವಾಗಿ, ಬರಹವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿದು ಕಾಗದದಿಂದಲೇ ಜಾರಿಹೋಗುತ್ತದೆ. ನೂರಾರು ಮೈಲಿ ಸುರಕ್ಷಿತವಾಗಿ ಬಂದ ಪತ್ರ ಕೊನೆಯ ಗೇಣಿನಲ್ಲಿ ಎಡವುವುದು ಎಂದರೆ ಇದು.

ಕಾಲು ದರದ ರಾತ್ರಿಗಳು

ಇದೆಲ್ಲ ಪರದೇಶದ ಪ್ರಯೋಗಶಾಲೆಗಳ ಕಥೆ ಎಂದು ತಳ್ಳಿಹಾಕುವಂತಿಲ್ಲ. ವಿದೇಶ್ ಸಂಚಾರ್ ನಿಗಮ, ಅಂದರೆ ವಿಎಸ್‌ಎನ್‌ಎಲ್, 1995ರ ಆಗಸ್ಟ್ 15ರಂದು ಮಹಾನಗರಗಳಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆ ಆರಂಭಿಸಿತು. ಬೆಂಗಳೂರಿಗೂ ಆಮೇಲೆ ಬಂತು. ಚಿತ್ರಗಳು ಕಾಣುವ ಸಂಪರ್ಕ ದುಬಾರಿ. ಕಡಿಮೆ ದುಡ್ಡಿಗೆ ಸಿಗುತ್ತಿದ್ದದ್ದು 'ಶೆಲ್ ಅಕೌಂಟ್'. ಅಂದರೆ ನಿಮ್ಮ ಕಂಪ್ಯೂಟರ್ ಮೋಡೆಮ್ ಮೂಲಕ ಕರೆಮಾಡಿ ತನ್ನನ್ನು ವಿಟಿ-100 ಟರ್ಮಿನಲ್ ಎಂದು ಹೇಳಿಕೊಳ್ಳುತ್ತದೆ. ನಿಗಮದ ಯುನಿಕ್ಸ್ ಯಂತ್ರ ಬರಿಯ ಅಕ್ಷರಗಳನ್ನು ಕಳಿಸುತ್ತದೆ. ಟಪಾಲು ಇರುವುದು ಅಲ್ಲಿ. ನಿಮ್ಮಲ್ಲಿರುವುದು ಅದರ ನೆರಳು.

ಎಂಜಿನಿಯರಿಂಗ್ ಕಾಲೇಜುಗಳ ಊರಾದ ದಾವಣಗೆರೆಯಿಂದ ಆ ವರ್ಷಗಳಲ್ಲಿ ಅಮೆರಿಕಕ್ಕೆ ಹೋದ ಮಕ್ಕಳಿದ್ದರು. ಅವರ ಪತ್ರ ಓದಲು ಇಲ್ಲಿಂದ ಬೆಂಗಳೂರಿಗೆ ಎಸ್‌ಟಿಡಿ ಕರೆ ಮಾಡಬೇಕಾದರೆ ನಿಮಿಷ ನಿಮಿಷಕ್ಕೂ ಮೀಟರು ಓಡುತ್ತದೆ. ರಾತ್ರಿ ತಡವಾದ ಮೇಲೆ ಕಾಲು ದರ. ಪತ್ರವನ್ನು ಪರದೆಯ ಮೇಲೆ ನಿಧಾನ ಓದುತ್ತ ಕೂರುವುದಕ್ಕಿಂತ ಸರಕ್ಕನೆ ಮುದ್ರಿಸಿಕೊಂಡು ಕರೆ ಕತ್ತರಿಸುವುದು ಜಾಣತನ. ಶೆಲ್ ಅಕೌಂಟಿನವರಿಗೆ ಪರಿಚಿತವಾಗಿದ್ದ ಅಂಚೆ ತಂತ್ರಾಂಶ 'ಪೈನ್'. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಹುಟ್ಟಿದ್ದು. ಅದರ ಪ್ರಿಂಟರ್ ಪಟ್ಟಿಯಲ್ಲಿ ಮೊದಲ ಆಯ್ಕೆಯೇ 'ಟರ್ಮಿನಲ್ಲಿಗೆ ಸಿಕ್ಕಿಸಿದ ಪ್ರಿಂಟರ್'. ಆರಿಸಿದರೆ ಪೈನ್ ಮಾಡುತ್ತಿದ್ದದ್ದು ಮೇಲೆ ಹೇಳಿದ 5ರ ಸಂಕೇತ, ಪತ್ರ, 4ರ ಸಂಕೇತ ಇವನ್ನು ಒಂದರ ಹಿಂದೊಂದು ಕಳಿಸುವುದು. ಇಂಗ್ಲಿಷಿನ 'ಪಿ' ಕೀಲಿಯನ್ನು ಹಿಂದಿನ ಪತ್ರಕ್ಕೆ ಮೀಸಲಿಟ್ಟಿದ್ದರಿಂದ ಮುದ್ರಣಕ್ಕೆ 'ವೈ' ಒತ್ತಬೇಕಿತ್ತು. ಪ್ರಿಂಟ್ ಎಂಬ ಪದದ ನಡುವಿನ 'ಐ'ಯನ್ನು ತೆಗೆದು 'ವೈ' ಕೂರಿಸಿ ಪರದೆಯ ಅಡಿಯಲ್ಲಿ ತೋರಿಸುತ್ತಿದ್ದರು. ಸಾವಿರಾರು ಮೈಲಿಯಾಚೆಯ ಮಗನ ಕ್ಷೇಮಸಮಾಚಾರ ಆ ಒಂದು ಕೀಲಿಯಿಂದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಿರಿಕಿರಿ ಸದ್ದಿನೊಂದಿಗೆ ತೂತುಪಟ್ಟಿಯ ಕಾಗದಕ್ಕೆ ಇಳಿಯುತ್ತಿತ್ತು.

ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ, ಕಂಪ್ಯೂಟರ್ ಎಂಬ ಹೆಸರನ್ನೇ ಕೇಳದವರಿಗೂ, ದೂರದ ಕಡತವನ್ನು ಎದುರಿನ ಪ್ರಿಂಟರಿನಲ್ಲಿ ಒತ್ತಿಕೊಟ್ಟದ್ದು ರೈಲ್ವೆ. ರಟ್ಟಿನ ಟಿಕೆಟ್ ನೆನಪಿರುವವರು ಇನ್ನೂ ಇದ್ದಾರೆ. ಆ ಟಿಕೆಟ್ ರೈಲ್ವೆ ಮುದ್ರಣಾಲಯದಲ್ಲಿ ಅಚ್ಚಾಗಿ ಕಟ್ಟುಕಟ್ಟಾಗಿ ನಿಲ್ದಾಣಕ್ಕೆ ಬರುತ್ತಿತ್ತು. ಕೌಂಟರಿನಲ್ಲಿ ತಾರೀಖು ಒತ್ತುವುದಷ್ಟೇ ಬಾಕಿ. ಅಂದರೆ ಕಾಗದ ಅಲ್ಲಿ ಹುಟ್ಟಿ ಇಲ್ಲಿಗೆ ಪ್ರಯಾಣ ಮಾಡುತ್ತಿತ್ತು. ಮಲಗುವ ಸೀಟು ಕಾದಿರಿಸಬೇಕಾದರೆ ನಿಲ್ದಾಣಕ್ಕಿದ್ದ ಕೋಟಾದಲ್ಲೇ ನೋಡಬೇಕು, ಇಲ್ಲವೇ ರೈಲು ಹೊರಡುವ ಊರಿಗೆ ಕೋರಿಕೆ ಕಳಿಸಿ ಕಾಯಬೇಕು. 1985-86ರಲ್ಲಿ ದೆಹಲಿಯಲ್ಲಿ ಸಿಎಂಸಿ ಸಂಸ್ಥೆಯ ತಂತ್ರಾಂಶದೊಂದಿಗೆ ಗಣಕೀಕೃತ ಮುಂಗಡ ಕಾಯ್ದಿರಿಸುವಿಕೆ ಆರಂಭವಾಯಿತು. 1986ರಲ್ಲಿ ಸ್ಥಾಪನೆಯಾದ ರೈಲ್ವೆಯ ಸ್ವಂತ ಸಂಸ್ಥೆ 'ಕ್ರಿಸ್' ಸಿದ್ಧಪಡಿಸಿದ 'ಕನ್ಸರ್ಟ್' ವ್ಯವಸ್ಥೆ 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಬಂತು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಈ ಐದೂ ಕೇಂದ್ರಗಳು 1999ರಲ್ಲಿ ಒಂದಕ್ಕೊಂದು ಬೆಸೆದುಕೊಂಡವು.

ನಮ್ಮ ನಿಲ್ದಾಣದ ಕೌಂಟರಿನಲ್ಲಿದ್ದದ್ದು ಮತ್ತೆ ಅದೇ ಮೇಜು: ಟರ್ಮಿನಲ್, ಪಕ್ಕದಲ್ಲಿ ಟಿಕೆಟ್ ಪ್ರಿಂಟರ್. ಸೀಟಿನ ಕಡತ ನೂರಾರು ಮೈಲಿ ಆಚೆ. ಗುಮಾಸ್ತ 'ಡಿವಿಜಿ' ಎಂದು ಒತ್ತಿದರೆ ಅಲ್ಲಿಯ ಯಂತ್ರಕ್ಕೆ ದಾವಣಗೆರೆ ಎಂದು ತಿಳಿಯುತ್ತದೆ. ಕಗ್ಗದ ಕವಿಯ ಹೆಸರನ್ನೇ ರೈಲ್ವೆ ನಮ್ಮೂರಿಗೆ ಇಟ್ಟಿದೆಯಲ್ಲ ಎಂದು ಚಿಕ್ಕಂದಿನಲ್ಲಿ ನಾನು ಹೆಮ್ಮೆಪಟ್ಟದ್ದುಂಟು. ಟಿಕೆಟಿನ ಹಾಳೆಯ ಮೇಲೆ ಮೊದಲೇ ಅಚ್ಚಾದ ಕ್ರಮಸಂಖ್ಯೆ ಇರುತ್ತಿತ್ತು. ಆ ಹಾಳೆಗಳ ಲೆಕ್ಕ ಗುಮಾಸ್ತನ ತಲೆಯ ಮೇಲೆ. ಹಾಳೆಯ ಮೇಲಿನ ಸೀಟಿನ ಲೆಕ್ಕ ದೂರದ ಯಂತ್ರದ ತಲೆಯ ಮೇಲೆ. ಕಾಗದಕ್ಕೆ ಒಬ್ಬರು, ಮಾತಿಗೆ ಒಬ್ಬರು ಜವಾಬುದಾರರು ಎಂಬ ಈ ಹಂಚಿಕೆ ಮುಂದೆ ಪಹಣಿಯಲ್ಲಿ ಬಹಳ ಮಹತ್ವದ್ದಾಯಿತು.

ಅದಕ್ಕೆ ಹೋಗುವ ಮೊದಲು ಕನ್ನಡದ ಮಾತು. ಬೋಡೊನ 32 ಜೋಡಣೆಯಲ್ಲಿ ನಮ್ಮ ಅಕ್ಷರಮಾಲೆ ಹಿಡಿಸುವುದೇ ಇಲ್ಲ. ಎಂಟು ಮಿಡಿತದ ಕಂಪ್ಯೂಟರ್ ಸಂಕೇತ ಬಂದ ಮೇಲೂ ತೊಂದರೆ ಬೇರೆ ರೂಪ ತಾಳಿತು. ದೂರದ ಯಂತ್ರ 'ಸ', 'ತ', 'ರ', 'ಈ' ಎಂಬ ಸಂಖ್ಯೆಗಳನ್ನು ಕಳಿಸಬಹುದು. ಅವನ್ನು 'ಸ್ತ್ರೀ' ಎಂದು ಒಂದರ ಕೆಳಗೊಂದು ಒತ್ತುಕೊಟ್ಟು ಬರೆಯುವುದು ಯಾರ ಕೆಲಸ? ಟರ್ಮಿನಲ್ಲಿನ 80 ಚೌಕದ ಪಂಜರದಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರ ಒಂದೊಂದು ಗೂಡಿನಲ್ಲಿ ಕೂರುತ್ತದೆ. ಕನ್ನಡದ ಒತ್ತಕ್ಷರ ಗೂಡಿನಿಂದ ಕೆಳಕ್ಕೆ ಕಾಲು ಚಾಚುತ್ತದೆ. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ ಇದಕ್ಕೆ ಕೊಟ್ಟ ಪರಿಹಾರ ಸರಳ: ಸಂಖ್ಯೆ ಎಲ್ಲಿಂದಾದರೂ ಬರಲಿ, ಆಕಾರ ಕೊಡುವ ಬುದ್ಧಿ ಇಲ್ಲಿಯ ಯಂತ್ರದಲ್ಲಿರಲಿ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ 'ಇಸ್ಕಿ' 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಯುನಿಕೋಡಿನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ, ಅದರಲ್ಲಿ ಕನ್ನಡಕ್ಕೂ ಜಾಗವಿತ್ತು. ದೂರದಿಂದ ಬರುವ ಮಾತಿಗೆ ಊರಿನ ಅಕ್ಷರ ಊರಿನಲ್ಲೇ ಸಿದ್ಧವಿರಬೇಕು ಎಂಬ ಈ ಅಡಿಪಾಯ ಬೀಳದಿದ್ದರೆ ಅಜ್ಜನ ಪಹಣಿ ಇವತ್ತಿಗೂ ಇಂಗ್ಲಿಷಿನಲ್ಲೇ ಅಚ್ಚಾಗಬೇಕಿತ್ತು.

ಹೊಲದ ಕಡತ

ನಮ್ಮ ಬಡಾವಣೆಗೆ ವಿನೋಬಾ ಭಾವೆಯವರ ಹೆಸರಿದೆ. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನ ಆರಂಭಿಸಿದವರು, 1957ರಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ನೆಹರೂ ಅವರೂ ಬಂದಿದ್ದ ಗ್ರಾಮದಾನ ಸಮ್ಮೇಳನ ನಡೆಸಿದವರು. ದೇಶದಲ್ಲಿ ದಾನವಾಗಿ ಬಂದ ಜಮೀನೆಲ್ಲ ಬಡವರ ಕೈಸೇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಮನಸ್ಸು ಕೊಟ್ಟದ್ದನ್ನು ದಾಖಲೆ ಕೊಡಲಿಲ್ಲ. ಹೊಲದ ವಿಷಯದಲ್ಲಿ ಕಾಗದದ ಮೇಲೆ ಯಾರ ಹೆಸರಿದೆ ಎಂಬುದು ನೇಗಿಲು ಯಾರ ಕೈಯಲ್ಲಿದೆ ಎಂಬುದಕ್ಕಿಂತ ಭಾರವಾಗಿ ತೂಗುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 133ನೇ ಕಲಮಿನ ಪ್ರಕಾರ ಹಕ್ಕುದಾಖಲೆಯಲ್ಲಿರುವ ನಮೂದನ್ನು, ಸುಳ್ಳೆಂದು ಸಾಬೀತಾಗುವವರೆಗೆ, ನಿಜವೆಂದೇ ಭಾವಿಸಬೇಕು.

ಆ ನಮೂದು ಹಿಂದೆ ಶಾನುಭೋಗರ ಕೈಬರಹದಲ್ಲಿತ್ತು. ವಂಶಪಾರಂಪರ್ಯ ಹುದ್ದೆಗಳು 1960ರ ದಶಕದಲ್ಲಿ ರದ್ದಾದ ಮೇಲೆ ಗ್ರಾಮಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ. ಕಡತ, ಲೇಖನಿ, ಪ್ರತಿ ಮಾಡಿಕೊಡುವ ಅಧಿಕಾರ ಮೂರೂ ಒಂದೇ ಚೀಲದಲ್ಲಿ. ಒಳ್ಳೆಯವರಿದ್ದ ಊರಿನ ರೈತ ಬದುಕಿಕೊಂಡ. ಉಳಿದೆಡೆ ಒಂದು ಪಹಣಿಗೆ ಎಷ್ಟು ಸಲ ಓಡಾಡಬೇಕು, ಏನು ಕೊಡಬೇಕು ಎಂಬುದಕ್ಕೆ ಲೆಕ್ಕವಿರಲಿಲ್ಲ. ಶಾನುಭೋಗರ ಮುತ್ತಿನಂಥ ಅಕ್ಷರವನ್ನು ನೆನೆದು ನಿಟ್ಟುಸಿರು ಬಿಡುವವರು ಆ ಅಕ್ಷರಕ್ಕೆ ತೆತ್ತ ಬೆಲೆಯನ್ನೂ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಈ ಮೂರನ್ನು ಬಿಡಿಸಿತು. ಕಂದಾಯ ಇಲಾಖೆಯ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಂದಿಗೆ, 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು 2002ರ ಹೊತ್ತಿಗೆ ಗಣಕಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಎರಡು ಏರ್ಪಾಡುಗಳನ್ನು ವಿಶೇಷವಾಗಿ ಗಮನಿಸಬೇಕು. ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಇನ್ನೊಂದು ಪರದೆ ಇಡುವ ಯೋಜನೆ ಒಂದು. ಕಡತವನ್ನು ತಿದ್ದಬೇಕಾದರೆ ಅಧಿಕೃತ ಅಧಿಕಾರಿಯ ಬೆರಳಚ್ಚು ಯಂತ್ರಕ್ಕೆ ಒಪ್ಪಿಗೆಯಾಗಬೇಕು ಎಂಬುದು ಇನ್ನೊಂದು. ಮುದ್ರಿಸುವ ಕೈಗೆ ತಿದ್ದುವ ಹಕ್ಕಿಲ್ಲ!

ಮೊದಮೊದಲು ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್ ಇತ್ತು. ಕಡತಕ್ಕೂ ಕಾಗದಕ್ಕೂ ನಡುವೆ ಬಹಳವೆಂದರೆ ಒಂದು ಗೋಡೆ. ಮುಂದೆ ಜಾಲ ಬಲವಾದಂತೆ ಕಡತಗಳು ರಾಜ್ಯದ ದತ್ತಾಂಶ ಕೇಂದ್ರವನ್ನು ಸೇರಿದವು, ಕಾಗದ ಹೋಬಳಿಯ ನಾಡಕಚೇರಿಗೆ, ಆಮೇಲೆ ವಿನೋಬನಗರದ ಅಂಗಡಿಗೂ ಬಂತು. ಹರಿಹರ ತಾಲ್ಲೂಕಿನ ಹೊಲದ ಪಹಣಿಯನ್ನು ದಾವಣಗೆರೆಯಲ್ಲಿ ತೆಗೆಸಬಹುದು. ಈಗಿನ ಯಂತ್ರಗಳು ವಿಟಿ-100ರ ಗುಟ್ಟಿನ ಸಂಕೇತ ಕಳಿಸುವುದಿಲ್ಲ. ಪುಟದ ಚಿತ್ರವೇ ಬರುತ್ತದೆ. ದೂರದ ಕಂಪ್ಯೂಟರಿನ ಪರದೆಯನ್ನೇ ಮನೆಯಲ್ಲಿ ತೆರೆದುಕೊಂಡು ಕೆಲಸ ಮಾಡುವವರಿಗೆ ಮನೆಯ ಪ್ರಿಂಟರನ್ನು ಆ ದೂರದ ಯಂತ್ರಕ್ಕೆ ತೋರಿಸಿಕೊಡುವ ಸೌಕರ್ಯ ವಿಂಡೋಸ್ 2000ದ ಕಾಲದಿಂದ ಇದೆ. ಉಪಾಯ ಮಾತ್ರ ಹಳೆಯದೇ: ಮಾತು ಬರುವ ದಾರಿಯಲ್ಲೇ ಕಾಗದಕ್ಕೂ ದಾರಿ.

ತೊಂದರೆಯೂ ಹೊಸ ಹೆಸರು ಪಡೆದಿದೆ. ಮೊದಲು 'ಸಾಹೇಬರಿಲ್ಲ, ನಾಳೆ ಬಾ' ಎನ್ನುತ್ತಿದ್ದ ಕಡೆ ಈಗ 'ಸರ್ವರ್ ಇಲ್ಲ, ನಾಳೆ ಬನ್ನಿ' ಎನ್ನುತ್ತಾರೆ. ಸಾಹೇಬರ ಮನೆ ಎಲ್ಲಿ ಎಂದಾದರೂ ಗೊತ್ತಿತ್ತು. ಇದಕ್ಕಿಂತ ಕಠಿಣವಾದದ್ದು ತಪ್ಪಿನ ವಿಷಯ. ನನ್ನ ಅಜ್ಜಿಯ ಹೆಸರು ಪಹಣಿಯಲ್ಲಿ ಒಂದು ಕೊಂಬು ಜಾಸ್ತಿಯಾಗಿ ಅಚ್ಚಾಗುತ್ತಿತ್ತು. ಕೈಬರಹ ನೋಡಿ ಗಣಕಕ್ಕೆ ಏರಿಸುವಾಗ ಯಾರದೋ ಕಣ್ಣು ತಪ್ಪಿರಬೇಕು. ಊರು, ಕಚೇರಿಗಳ ಹೆಸರು ಬೇಡ. ಎಲ್ಲಿ ಮುದ್ರಿಸಿದರೂ ಅದೇ ಕೊಂಬು. ಹಿಂದೆ ಗ್ರಾಮಲೆಕ್ಕಿಗರು ಒಂದು ಗೀಟು ಹಾಕಿ ಪಕ್ಕಕ್ಕೆ ಸಹಿ ಮಾಡಿಬಿಡುತ್ತಿದ್ದರು. ಅದೇ ಗೀಟಿನಿಂದ ಹೊಲವನ್ನೂ ಬೇರೆಯವರಿಗೆ ಬರೆಯಬಹುದಿತ್ತು ಎಂಬುದೂ ನಿಜ. ಈಗ ಕಿಟಕಿಯಲ್ಲಿದ್ದ ಹುಡುಗಿ, 'ಅಜ್ಜೀ, ನಾನು ಒತ್ತಿ ಕೊಡಬಹುದು ಅಷ್ಟೆ, ಮುಟ್ಟೋಕೆ ಬರಲ್ಲ' ಎಂದಳು. ಅರ್ಜಿ, ಆಧಾರ್ ಪ್ರತಿ, ಹಳೆಯ ಪಹಣಿ, ಎಲ್ಲ ಜೋಡಿಸಿ ಕೊಟ್ಟು ಎಂಟು ತಿಂಗಳ ಮೇಲೆ ಕೊಂಬು ಉದುರಿತು. ಅಷ್ಟು ದಿನ ಬ್ಯಾಂಕಿನ ಲೆಕ್ಕದಲ್ಲಿ ಅಜ್ಜಿ ಬೇರೆ, ಹೊಲದ ಒಡತಿ ಬೇರೆ.

ಅಸಲಾ, ನಕಲಾ ಎಂಬ ಪ್ರಶ್ನೆಗೆ ಕಾನೂನೂ ತಡಕಾಡಿ ಉತ್ತರ ಕಂಡುಕೊಂಡಿದೆ. 1872ರ ಸಾಕ್ಷ್ಯ ಕಾಯ್ದೆಯ ಲೋಕದಲ್ಲಿ ಅಸಲು ಎಂದರೆ ಕಚೇರಿಯ ಪುಸ್ತಕ. ಹೊರಗೆ ಬರುವುದು ಅಧಿಕಾರಿಯ ಸಹಿ, ಮೊಹರಿನ ದೃಢೀಕೃತ ಪ್ರತಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಬಂದಾಗ ಅಂಕೀಯ ಸಹಿಗೆ ಮಾನ್ಯತೆ ಸಿಕ್ಕಿತು. ಜೊತೆಗೆ ಸಾಕ್ಷ್ಯ ಕಾಯ್ದೆಗೆ 65ಬಿ ಎಂಬ ಕಲಮು ಸೇರಿ, ಗೊತ್ತಾದ ಷರತ್ತುಗಳಿಗೆ ಒಳಪಟ್ಟು ಗಣಕದ ಮುದ್ರಿತ ಹಾಳೆಯೂ ದಾಖಲೆಯೇ ಎಂದಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಆ ವಿಷಯ 63ನೇ ಕಲಮಿನಲ್ಲಿದೆ. ಭೂಮಿಯ ಜಾಲತಾಣದಲ್ಲಿ ಪುಕ್ಕಟೆ ನೋಡಲು ಸಿಗುವ ಪಹಣಿ ಬೇರೆ, ಹಣ ಕಟ್ಟಿ ಪಡೆಯುವ ಅಂಕೀಯ ಸಹಿಯ ಪಹಣಿ ಬೇರೆ. ಎರಡೂ ಒಂದೇ ಪ್ರಿಂಟರಿನಿಂದ, ಒಂದೇ ಬಗೆಯ ಹಾಳೆಯ ಮೇಲೆ ಬರುತ್ತವೆ. ಮೊದಲನೆಯದನ್ನು ಹಿಡಿದು ಬ್ಯಾಂಕಿಗೆ ಹೋಗಿ ಬರಿಗೈಲಿ ವಾಪಸಾಗುವವರು ಇದ್ದಾರೆ. ಅಂಗಡಿಯಲ್ಲಿ ಕೇಳಿ ತೆಗೆಸುವುದು ಒಳ್ಳೆಯದು.

ಆ ದಿನ ಅಜ್ಜ ಹಾಳೆಯನ್ನು ಮತ್ತೆ ಹುಡುಗನ ಮುಂದೆ ಚಾಚಿದರು. 'ಒಂದು ಸೀಲಾದ್ರೂ ಹೊಡಿ, ತಮ್ಮಾ.' ಹುಡುಗ ತನ್ನಲ್ಲಿ ಸೀಲಿಲ್ಲ ಎಂದು ಹೇಳಿ, ಹಾಳೆಯ ಕೆಳಗೆ ಅಂಕೀಯ ಸಹಿ ಎಂದು ಅಚ್ಚಾಗಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಅಜ್ಜ ಕನ್ನಡಕ ಸರಿಪಡಿಸಿಕೊಂಡು ಅದನ್ನೂ ಓದಿದರು. ಆಮೇಲೆ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಅದರೊಳಗೆ ಹಳದಿಗಟ್ಟಿದ, ಮಡಿಕೆಯಲ್ಲಿ ಹರಿದ ಕೈಬರಹದ ಪಹಣಿ ಇತ್ತು. ಹೊಸದನ್ನು ಅದರ ಜೊತೆಗಿಟ್ಟು, ಮತ್ತೆ ಏನೋ ನೆನಪಾದಂತೆ ಹೊರಗೆ ತೆಗೆದು, 'ಇದರದೊಂದು ಜೆರಾಕ್ಸ್ ಮಾಡಿಬಿಡು' ಎಂದರು.